ಒಪ್ಪಂದದಲ್ಲಿ ರೈತನ ಸಹಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ಅಭಿವೃದ್ಧಿಶೀಲ ರಾಷ್ಟ್ರಗಳ ಬೇಸಾಯವನ್ನು ಸುಸ್ಥಿರಗೊಳಿಸಿ, ಅಲ್ಲಿನ ಸಣ್ಣ ಹಿಡುವಳಿದಾರರಿಗೆ ಜಾಗತಿಕ ಮಾರುಕಟ್ಟೆಯ ಬಾಗಿಲು ತೆರೆಯುವುದಾಗಿ ಹೇಳಿಕೊಳ್ಳುವ ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಯೋಜನೆಗಳ ಸುದ್ದಿಯನ್ನು ಹಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇನೆ. ಇಂಥ ವರದಿಗಳಲ್ಲಿ ಇಷ್ಟು ಕೋಟಿ ಡಾಲರ್ ಹೂಡಿಕೆ, ಇಷ್ಟು ಲಕ್ಷ ರೈತರಿಗೆ ತರಬೇತಿ, ಇಷ್ಟು ಸಸಿಗಳ ವಿತರಣೆ ಎಂಬ ಅಂಕಿಗಳು ತಪ್ಪದೆ ಇರುತ್ತವೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿ ಆ ರೈತರಿಂದ ಎಷ್ಟು ಟನ್ ಸರಕನ್ನು, ಯಾವ ದರಕ್ಕೆ, ಎಷ್ಟು ವರ್ಷದವರೆಗೆ ಕೊಳ್ಳುವುದಾಗಿ ಬರೆದುಕೊಟ್ಟಿದೆ ಎಂಬ ಮಾಹಿತಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ವರದಿಗಾರರು ಕೇಳಲಿಲ್ಲ ಎಂದಲ್ಲ. ಬಹಳಷ್ಟು ಸಲ ಒಪ್ಪಂದದಲ್ಲೇ ಅದು ಇರುವುದಿಲ್ಲ. ಸಾರ್ವಜನಿಕ ಹಣ ಪಡೆಯುವ ಯಾವ ಸಹಭಾಗಿತ್ವವೂ ಖರೀದಿಯ ಖಾತರಿ ಇಲ್ಲದೆ ನಡೆಯಬಾರದು ಎಂಬುದೇ ಈ ಪತ್ರದ ವಿಷಯ.

ಈ ಮಾದರಿಯನ್ನೇ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. 2002ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಶೃಂಗಸಭೆ ಸರ್ಕಾರ, ಕಂಪನಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಸ್ವಯಂಪ್ರೇರಿತ ಸಹಭಾಗಿತ್ವಕ್ಕೆ ಅಧಿಕೃತ ಮನ್ನಣೆ ಕೊಟ್ಟಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಲ್ಲಿ 17.17ನೇ ಉಪಗುರಿ ಇದನ್ನೇ ಉತ್ತೇಜಿಸುತ್ತದೆ. ನೆದರ್‌ಲೆಂಡ್ಸ್ ಸರ್ಕಾರದ ನೆರವಿನಿಂದ 2008ರಲ್ಲಿ ಆರಂಭವಾದ ಐಡಿಎಚ್ ಎಂಬ ಸುಸ್ಥಿರ ವ್ಯಾಪಾರ ಸಂಸ್ಥೆ, ಕಂಪನಿಗಳು ತಮ್ಮ ಪಾಲಿನ ಹಣ ಹಾಕಿದರೆ ಅದಕ್ಕೆ ಸಾರ್ವಜನಿಕ ಹಣವನ್ನು ಜೋಡಿಸುವ ಪದ್ಧತಿಯನ್ನು ಕೋಕೊ, ಚಹಾ, ಕಾಫಿ, ಹತ್ತಿಯಂಥ ಬೆಳೆಗಳಲ್ಲಿ ಬೆಳೆಸಿತು. ಇದರ ಹಿಂದಿನ ತರ್ಕ ಸರಳವಾಗಿದೆ. ಸರ್ಕಾರಕ್ಕೆ ರಸ್ತೆ, ಸಂಶೋಧನೆ, ಕಾನೂನು ಗೊತ್ತು. ಕಂಪನಿಗೆ ಮಾರುಕಟ್ಟೆ ಗೊತ್ತು. ಒಬ್ಬರೇ ಮಾಡಲಾಗದ್ದನ್ನು ಇಬ್ಬರೂ ಸೇರಿ ಮಾಡಬಹುದು. ಆದರೆ ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಮಳೆ ಕೈಕೊಟ್ಟರೆ, ರೋಗ ಬಂದರೆ, ದರ ಕುಸಿದರೆ ನಷ್ಟ ಹೊರುವವನು ಅವನೇ. ಅವನ ಹೆಸರು ಒಪ್ಪಂದದಲ್ಲಿ ಬರುವುದು ಫಲಾನುಭವಿ ಎಂದು ಮಾತ್ರ, ಅಲ್ಲಿ ಅವನ ಸಹಿಗೆ ಜಾಗವಿರುವುದಿಲ್ಲ.

ಕೋಕೊ ಬೆಳೆಯ ಕತೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಜಗತ್ತಿನ ಕೋಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳಿಂದ ಬರುತ್ತದೆ, ಅದನ್ನು ಬೆಳೆಯುವವರು ಹೆಚ್ಚಾಗಿ ಎರಡರಿಂದ ಐದು ಹೆಕ್ಟೇರ್ ಜಮೀನಿನ ಕುಟುಂಬಗಳು. ಕೋಕೊ ತೋಟಗಳಲ್ಲಿನ ಬಾಲಕಾರ್ಮಿಕ ಪದ್ಧತಿಯ ಅತಿ ಕೆಟ್ಟ ರೂಪಗಳನ್ನು ತೊಡೆದುಹಾಕುವುದಾಗಿ ಚಾಕೊಲೇಟ್ ಉದ್ಯಮ 2001ರಲ್ಲಿ ಹಾರ್ಕಿನ್-ಎಂಗೆಲ್ ಒಡಂಬಡಿಕೆಗೆ ಸಹಿ ಹಾಕಿತು. ಮೊದಲ ಗಡುವು 2005. ಅದು 2008ಕ್ಕೆ, ಆಮೇಲೆ 2010ಕ್ಕೆ ಹೋಯಿತು. ಕೊನೆಗೆ ಗುರಿಯನ್ನೇ ಶೇ 70ರಷ್ಟು ಇಳಿಕೆ ಎಂದು ತಗ್ಗಿಸಿ 2020ಕ್ಕೆ ಮುಂದೂಡಲಾಯಿತು. ಆ ವರ್ಷ ಷಿಕಾಗೊ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಸಂಸ್ಥೆ ಅಮೆರಿಕದ ಕಾರ್ಮಿಕ ಇಲಾಖೆಗಾಗಿ ಸಿದ್ಧಪಡಿಸಿದ ವರದಿಯ ಪ್ರಕಾರ, ಈ ಎರಡು ದೇಶಗಳ ಕೋಕೊ ಪ್ರದೇಶಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ಇನ್ನೂ ಬಾಲಕಾರ್ಮಿಕರಾಗಿದ್ದರು. ಎರಡು ದಶಕಗಳಲ್ಲಿ ಶಾಲೆಗಳು ಕಟ್ಟಲ್ಪಟ್ಟವು, ನಿಗಾ ಸಮಿತಿಗಳು ರಚನೆಯಾದವು, ತರಬೇತಿಗಳು ನಡೆದವು, ಇವೆಲ್ಲ ಸುಳ್ಳಲ್ಲ. ಆದರೆ ಕೂಲಿಯಾಳು ಇಡುವಷ್ಟು ವರಮಾನ ತೋಟದಿಂದ ಬಾರದಿದ್ದಾಗ ಮನೆಯ ಮಕ್ಕಳೇ ತೋಟಕ್ಕಿಳಿಯುತ್ತಾರೆ. ಆ ವರಮಾನವನ್ನು ನಿರ್ಧರಿಸುವ ದರದ ಪ್ರಶ್ನೆಯನ್ನು ಇಷ್ಟು ವರ್ಷ ಯಾವ ಸಹಭಾಗಿತ್ವವೂ ಮೈಮೇಲೆ ಹಾಕಿಕೊಳ್ಳಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವು ಇದೇ ಎರಡು ದೇಶಗಳ ಸರ್ಕಾರಗಳು. 2019ರಲ್ಲಿ ಅವು ಒಟ್ಟಾಗಿ, 2020-21ರ ಹಂಗಾಮಿನಿಂದ ಪ್ರತಿ ಟನ್ನಿಗೆ ಮಾರುಕಟ್ಟೆ ದರದ ಮೇಲೆ 400 ಡಾಲರ್ ಹೆಚ್ಚುವರಿ ಕೊಡಬೇಕು, ಅದು ಬೆಳೆಗಾರರ ಜೀವನ ನಿರ್ವಹಣೆಗೆ ಹೋಗಬೇಕು ಎಂದು ಘೋಷಿಸಿದವು. ಕಂಪನಿಗಳು ಸ್ವಾಗತಿಸಿದವು, ಹೇಳಿಕೆ ಕೊಟ್ಟವು, ಹಣವನ್ನೂ ಕೊಟ್ಟವು. ಆದರೆ ಕೋಕೊ ವ್ಯಾಪಾರದಲ್ಲಿ ಇನ್ನೊಂದು ಲೆಕ್ಕವಿದೆ. ಯಾವ ದೇಶದ ಕಾಳು, ಅದರ ಗುಣಮಟ್ಟ ಎಂಥದು ಎಂಬುದನ್ನು ನೋಡಿ ಮಾರುಕಟ್ಟೆ ದರದ ಮೇಲೆ ಕೊಡುವ ವ್ಯತ್ಯಾಸದ ಹಣ ಅದು. ಘಾನಾದ ಕಾಳಿಗೆ ಸಾಮಾನ್ಯವಾಗಿ ಒಳ್ಳೆಯ ಮೊತ್ತ ಸಿಗುತ್ತಿತ್ತು. 400 ಡಾಲರ್ ಜಾರಿಗೆ ಬಂದ ಮೇಲೆ ಈ ಎರಡನೇ ಲೆಕ್ಕ ಕುಸಿಯುತ್ತ ಹೋಗಿ ಸೊನ್ನೆಗಿಂತಲೂ ಕೆಳಗಿಳಿಯಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು ಎಂದು ಸಿಟ್ಟಾದ ಎರಡೂ ದೇಶಗಳು 2022ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ, ಕೋಕೊ ಮತ್ತು ಚಾಕೊಲೇಟ್ ಕಂಪನಿಗಳ ಕೂಟವಾದ ವಿಶ್ವ ಕೋಕೊ ಪ್ರತಿಷ್ಠಾನದ ಸಭೆಯನ್ನು ಬಹಿಷ್ಕರಿಸಿದವು. ಕಾಡು ಉಳಿಸುವ ಸಲುವಾಗಿ 2017ರಲ್ಲಿ ಇದೇ ಸರ್ಕಾರಗಳೂ ಇದೇ ಕಂಪನಿಗಳೂ ಕೋಕೊ ಮತ್ತು ಅರಣ್ಯ ಒಡಂಬಡಿಕೆಗೆ ಸಹಿ ಹಾಕಿದ್ದವು ಎಂಬುದು ಇಲ್ಲಿ ನೆನಪಿರಬೇಕು. ಮರ ಎಣಿಸುವ ವಿಷಯದಲ್ಲಿ ಸಹಭಾಗಿಗಳಾಗಿದ್ದವರು ದರದ ವಿಷಯ ಬಂದಾಗ ಮತ್ತೆ ಎದುರುಬದುರು ಕುಳಿತರು.

ಸರ್ಕಾರಗಳನ್ನು ಇದರಲ್ಲಿ ಪೂರ್ತಿ ಸಾಚಾ ಎನ್ನಲೂ ಆಗದು. 2024ರಲ್ಲಿ ಕೋಕೊ ದರ ಟನ್ನಿಗೆ 10,000 ಡಾಲರ್ ದಾಟಿ ಡಿಸೆಂಬರ್‌ನಲ್ಲಿ 12,000ವನ್ನೂ ಮೀರಿದಾಗ, ಘಾನಾದ ರೈತನಿಗೆ ಅದರ ಲಾಭ ಅದೇ ಪ್ರಮಾಣದಲ್ಲಿ ಮುಟ್ಟಲಿಲ್ಲ. ಅಲ್ಲಿನ ಸರ್ಕಾರಿ ಕೋಕೊ ಮಂಡಳಿ ಸಾಲ ಎತ್ತುವ ಸಲುವಾಗಿ ಫಸಲಿನ ದೊಡ್ಡ ಪಾಲನ್ನು ಹಿಂದಿನ ಕಡಿಮೆ ದರದಲ್ಲೇ ಮುಂಗಡವಾಗಿ ಮಾರಿಬಿಟ್ಟಿತ್ತು. ಜೊತೆಗೆ ರೋಗ ಮತ್ತು ಹವಾಮಾನದಿಂದ ಇಳುವರಿಯೂ ಕುಸಿದಿತ್ತು. 2025ರ ಕೊನೆಯ ಹೊತ್ತಿಗೆ ಆ ದರ ಅರ್ಧಕ್ಕಿಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಂಥ ರೈತನಿಗೆಂದೇ ಹುಟ್ಟಿರಬೇಕು.

ಆ ರೈತನ ಕೆಲಸವನ್ನು ಒಂದಿಷ್ಟು ಹತ್ತಿರದಿಂದ ನೋಡಿದರೆ ಸುಸ್ಥಿರತೆಯ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಕೋಕೊ ಕಾಯಿಯನ್ನು ಒಡೆದು, ಬಿಳಿ ಲೋಳೆಯೊಂದಿಗೆ ಅಂಟಿಕೊಂಡ ಬೀಜಗಳನ್ನು ಬೆರಳಿನಿಂದ ಬಿಡಿಸಿ, ಬಾಳೆ ಎಲೆಯ ಮೇಲೆ ರಾಶಿ ಹಾಕಿ, ಮೇಲೂ ಬಾಳೆ ಎಲೆ ಮುಚ್ಚಿ ಐದಾರು ದಿನ ಹುಳಿಯಲು ಬಿಡಬೇಕು. ನಡುವೆ ತಿರುವಿ ಹಾಕಬೇಕು. ಆಮೇಲೆ ಬಿದಿರಿನ ತಟ್ಟಿಗಳ ಮೇಲೆ ಹರಡಿ, ಮಳೆ ಮೋಡ ಕಂಡಾಗಲೆಲ್ಲ ಓಡಿ ಮುಚ್ಚುತ್ತ, ವಾರ ಕಳೆಯುವವರೆಗೆ ಒಣಗಿಸಬೇಕು. ಚಾಕೊಲೇಟಿನ ರುಚಿ ಹುಟ್ಟುವುದೇ ಈ ಹುಳಿಯುವಿಕೆಯಲ್ಲಿ. ಆದರೂ ಅದಕ್ಕೆಂದು ಪ್ರತ್ಯೇಕ ಬೆಲೆ ಸಾಮಾನ್ಯ ರೈತನಿಗೆ ಸಿಗುವುದು ಅಪರೂಪ. ಇದೇ ತೋಟಕ್ಕೆ ಕಾಂಡ ಊದುವ ನಂಜುರೋಗ ತಗುಲಿದರೆ ಔಷಧವಿಲ್ಲ, ಮರಗಳನ್ನು ಕಡಿದು ಹಾಕುವುದೊಂದೇ ದಾರಿ. ಹೊಸ ಸಸಿ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ಸಹಭಾಗಿತ್ವ ಯೋಜನೆ ಸಸಿಯನ್ನು ಉಚಿತವಾಗಿ ಕೊಟ್ಟು ತನ್ನ ವರದಿಯಲ್ಲಿ ಆ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ಆ ಮೂರ್ನಾಲ್ಕು ವರ್ಷ ಕುಟುಂಬ ಏನು ತಿಂದು ಬದುಕಬೇಕು ಎಂಬುದಕ್ಕೆ ಅಂಥ ವರದಿಯಲ್ಲಿ ಸಾಲು ಇರುವುದಿಲ್ಲ.

ಕೆಲವು ವರ್ಷ ಗುಂಪು ಪ್ರಮಾಣೀಕರಣದ ಕಡತಗಳನ್ನು ಪರಿಶೀಲಿಸುವ ಕೆಲಸ ಮಾಡಿದವನಾದ್ದರಿಂದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಸಾವಯವ ಅಥವಾ ಸುಸ್ಥಿರ ಬೇಸಾಯದ ಪ್ರಮಾಣಪತ್ರವನ್ನು ಸಣ್ಣ ರೈತರು ಒಬ್ಬೊಬ್ಬರೇ ಪಡೆಯುವುದು ದುಬಾರಿ, ಹೀಗಾಗಿ ಅವರನ್ನು ಗುಂಪಾಗಿ ಕಟ್ಟುತ್ತಾರೆ. ಬಹಳ ಕಾಲದಿಂದ ರೂಢಿಯಲ್ಲಿರುವ ಲೆಕ್ಕದ ಪ್ರಕಾರ ಹೊರಗಿನ ತಪಾಸಕರು ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ಜಮೀನುಗಳಿಗೆ ಮಾತ್ರ ಹೋಗುತ್ತಾರೆ. 2,500 ರೈತರ ಗುಂಪಿನಲ್ಲಿ 50. ಉಳಿದ 2,450 ಜನರ ಮಟ್ಟಿಗೆ ಗುಂಪಿನ ಒಳಗಿನ ತಪಾಸಣೆಯ ಪುಸ್ತಕವೇ ಆಧಾರ. ಅಂಥ ಒಂದು ಪುಸ್ತಕ ನನ್ನ ಕೈಗೆ ಬಂದಿತ್ತು. ಹತ್ತು ತಿಂಗಳ ಗೊಬ್ಬರ, ಸಿಂಪಡಣೆ, ಕಳೆ ಕಿತ್ತದ್ದು ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಎಲ್ಲೂ ಒಂದು ಮಣ್ಣಿನ ಕಲೆ ಕೂಡ ಇಲ್ಲದೆ ಬರೆಯಲ್ಪಟ್ಟಿದ್ದವು. ತಪಾಸಣೆಯ ಹಿಂದಿನ ರಾತ್ರಿ ಕುಳಿತು ಬರೆದದ್ದೆಂದು ಯಾರಿಗಾದರೂ ತಿಳಿಯುವಂತಿತ್ತು. ರೈತ ಮೋಸಗಾರನಾಗಿರಲಿಲ್ಲ, ಅವನ ಹೊಲ ಚೆನ್ನಾಗಿಯೇ ಇತ್ತು. ಅಕ್ಷರ ಬಾರದವನಿಂದ ದಿನಚರಿ ಕೇಳುವ ವ್ಯವಸ್ಥೆ, ಬರೆಯಬಲ್ಲ ಇನ್ನೊಬ್ಬನನ್ನು ಅವನ ಪರವಾಗಿ ಕೂರಿಸಿತ್ತು, ಅಷ್ಟೇ. ಇಂಥ ಲೋಪಗಳನ್ನು ಕಂಡೇ ಐರೋಪ್ಯ ಒಕ್ಕೂಟ ತನ್ನ ಹೊಸ ಸಾವಯವ ನಿಯಮಗಳಲ್ಲಿ ಗುಂಪಿನ ಗಾತ್ರವನ್ನು 2,000 ಸದಸ್ಯರಿಗೆ ಸೀಮಿತಗೊಳಿಸಿ, ಪ್ರತಿ ವರ್ಷ ಕನಿಷ್ಠ ಶೇ 5ರಷ್ಟು ಸದಸ್ಯರ ಮರುತಪಾಸಣೆಯನ್ನು ಕಡ್ಡಾಯ ಮಾಡಿದೆ. ನಿಯಮ ಸರಿಯಾದದ್ದೇ. ಅದಕ್ಕೆ ಬೀಳುವ ಹೆಚ್ಚಿನ ಖರ್ಚು ಕೊಳ್ಳುವವರ ಕಡೆಯಿಂದ ಬರಬೇಕೆಂದು ಮಾತ್ರ ಆ ನಿಯಮ ಎಲ್ಲಿಯೂ ಹೇಳುವುದಿಲ್ಲ.

ಪ್ರಮಾಣಪತ್ರದಿಂದ ಸಿಗುವ ಹೆಚ್ಚುವರಿ ಹಣವನ್ನೂ ಇಲ್ಲೇ ನೋಡಿಬಿಡಬಹುದು. ಇಂಥ ಪ್ರಮಾಣಪತ್ರದ ವ್ಯವಸ್ಥೆಗಳಲ್ಲಿ ಒಂದಾದ ರೇನ್‌ಫಾರೆಸ್ಟ್ ಅಲೈಯನ್ಸ್ 2022ರಿಂದ ಕೋಕೊಗೆ ಟನ್ನಿಗೆ ಕನಿಷ್ಠ 70 ಡಾಲರ್ ಹೆಚ್ಚುವರಿ ಎಂದು ನಿಗದಿ ಮಾಡಿತು. ಇನ್ನೊಂದಾದ ಫೇರ್‌ಟ್ರೇಡ್ 2019ರ ಅಕ್ಟೋಬರ್‌ನಿಂದ 240 ಡಾಲರ್ ಹೆಚ್ಚುವರಿಯ ಜೊತೆಗೆ ಕನಿಷ್ಠ ದರವನ್ನೂ ಇಟ್ಟಿದೆ. ಎರಡರಲ್ಲಿ ರೈತನಿಗೆ ನಿಜವಾದ ಆಸರೆ ಕೊಡುವುದು ಕನಿಷ್ಠ ದರ ಎಂಬುದು ನನ್ನ ಅಭಿಪ್ರಾಯ. ಒಂದೇ ವರ್ಷದಲ್ಲಿ ಸಾವಿರಾರು ಡಾಲರ್ ಏರಿಳಿಯುವ ಮಾರುಕಟ್ಟೆಯಲ್ಲಿ 70 ಡಾಲರ್ ಎಷ್ಟರ ಮಾತು!

ಇನ್ನು ಹೊಸದಾಗಿ ಬಂದಿರುವ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ. ಜಾನುವಾರು, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ, ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದಿಲ್ಲವೆಂದು ಆಮದುದಾರರು ದೃಢಪಡಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದ್ದರೂ ಸಿದ್ಧತೆ ನಿಂತಿಲ್ಲ. ನಾಲ್ಕು ಹೆಕ್ಟೇರ್‌ವರೆಗಿನ ಜಮೀನಿಗೆ ನಕ್ಷೆಯಲ್ಲಿ ಒಂದು ಬಿಂದು ಸಾಕು, ಅದಕ್ಕೂ ದೊಡ್ಡದಾದರೆ ಪೂರ್ತಿ ಗಡಿಯನ್ನೇ ಗುರುತಿಸಬೇಕು. ಹಲವು ಸಹಭಾಗಿತ್ವ ಯೋಜನೆಗಳ ಹಣ ಈಗ ಹರಿಯುತ್ತಿರುವುದು ಈ ಅಳತೆಯ ಕೆಲಸಕ್ಕೆ. ರೈತನ ಜಮೀನಿನ ಸುತ್ತ ಮೊಬೈಲ್ ಹಿಡಿದು ನಡೆದು ದಾಖಲಿಸಿದ ಗಡಿರೇಖೆ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಕೂತರೆ, ಮುಂದಿನ ವರ್ಷ ಹೆಚ್ಚು ದರ ಕೊಡುವ ಇನ್ನೊಬ್ಬ ವ್ಯಾಪಾರಿಗೆ ಮಾರಲು ಹೊರಟ ರೈತ ಮತ್ತೆ ಮೊದಲಿನಿಂದ ಅಳತೆ ಮಾಡಿಸಿಕೊಳ್ಳಬೇಕಾಗುತ್ತದೆ. ಅಷ್ಟು ಕಾಯಲು ಸಾಧ್ಯವಿಲ್ಲದವನು ಹಳೆಯ ವ್ಯಾಪಾರಿಗೇ ಕಟ್ಟುಬೀಳುತ್ತಾನೆ. ಸಾರ್ವಜನಿಕ ಹಣದಿಂದ ಮಾಡಿದ ನಕ್ಷೆಯ ಒಂದು ಪ್ರತಿ ರೈತನ ಕೈಯಲ್ಲಿರಬೇಕು, ಯಾವ ಖರೀದಿದಾರನಿಗಾದರೂ ಅವನು ಅದನ್ನು ತೋರಿಸುವಂತಿರಬೇಕು ಎಂದು ಒಪ್ಪಂದದಲ್ಲಿ ಒಂದು ವಾಕ್ಯ ಸೇರಿಸುವುದಕ್ಕೆ ಏನೂ ಖರ್ಚಾಗದು. ಹಾಗಿದ್ದೂ ಅದು ಕಾಣಸಿಗುವುದು ವಿರಳ.

ದೊಡ್ಡ ಪ್ರಮಾಣದ ಭೂಮಿ ಯೋಜನೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅವುಗಳ ಗತಿ ಎಲ್ಲರಿಗೂ ಗೊತ್ತಾಗಿದೆ. 2012ರಲ್ಲಿ ಜಿ-8 ರಾಷ್ಟ್ರಗಳು ಆರಂಭಿಸಿದ ಆಹಾರ ಭದ್ರತೆ ಮತ್ತು ಪೌಷ್ಟಿಕತೆಯ ಹೊಸ ಮೈತ್ರಿಕೂಟ ಹತ್ತು ವರ್ಷಗಳಲ್ಲಿ ಆಫ್ರಿಕಾದ 5 ಕೋಟಿ ಜನರನ್ನು ಬಡತನದಿಂದ ಮೇಲೆತ್ತುವ ಮಾತಾಡಿತು. ಅದರಲ್ಲಿ ಸರ್ಕಾರಗಳು ಬೀಜ, ಭೂಮಿ, ತೆರಿಗೆಯ ಕಾನೂನುಗಳನ್ನು ಬದಲಿಸುವುದಾಗಿ ದಿನಾಂಕ ಸಮೇತ ಬರೆದುಕೊಟ್ಟವು. ಕಂಪನಿಗಳು ಕೊಟ್ಟದ್ದು ಆಶಯಪತ್ರ, ಅಂದರೆ ಈಡೇರಿಸದಿದ್ದರೂ ಯಾರೂ ಕೇಳುವಂತಿಲ್ಲದ ಕಾಗದ. 2016ರಲ್ಲಿ ಐರೋಪ್ಯ ಸಂಸತ್ತು ಇದನ್ನು ಟೀಕಿಸಿ ನಿರ್ಣಯ ಅಂಗೀಕರಿಸಿತು, 2018ರಲ್ಲಿ ಫ್ರಾನ್ಸ್ ಹೊರನಡೆಯಿತು. ಉತ್ತರ ಮೊಜಾಂಬಿಕ್‌ನಲ್ಲಿ ಜಪಾನ್ ಮತ್ತು ಬ್ರೆಜಿಲ್ ನೆರವಿನ ಪ್ರೊಸವಾನಾ ಯೋಜನೆ 2009ರಿಂದ ಸಿದ್ಧವಾಗತೊಡಗಿತ್ತು. ತಮ್ಮನ್ನು ಕೇಳದೆಯೇ ತಮ್ಮ ಭೂಮಿಯ ಬಗ್ಗೆ ನಿರ್ಧಾರವಾಗುತ್ತಿದೆ ಎಂದು 2012ರಲ್ಲಿ ದೇಶದ ರೈತ ಒಕ್ಕೂಟ ವಿರೋಧಿಸಿತು. 2020ರಲ್ಲಿ ಯೋಜನೆ ಮುಚ್ಚಿತು.

ಸರಿಯಾಗಿ ನಡೆದದ್ದು ಇಲ್ಲವೇ ಎಂದರೆ ಇದೆ. ಕೀನ್ಯಾದಲ್ಲಿ 1964ರಲ್ಲಿ ಸ್ಥಾಪನೆಯಾದ ಚಹಾ ಅಭಿವೃದ್ಧಿ ಪ್ರಾಧಿಕಾರ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ಕಾಮನ್‌ವೆಲ್ತ್ ಅಭಿವೃದ್ಧಿ ನಿಗಮದ ಸಾಲದಿಂದ ಬೆಳೆದು, 2000ದಲ್ಲಿ ಖಾಸಗೀಕರಣಗೊಂಡಾಗ ಕಾರ್ಖಾನೆಗಳ ಷೇರುಗಳು ಬೆಳೆಗಾರರ ಕೈಗೇ ಹೋದವು. ಇಂದು ಆರು ಲಕ್ಷದಷ್ಟು ಸಣ್ಣ ಬೆಳೆಗಾರರು ಅದರ ಭಾಗವಾಗಿದ್ದಾರೆ. ಎರಡು ಎಲೆ, ಒಂದು ಕುಡಿ ಚಿವುಟಿ ಖರೀದಿ ಕೇಂದ್ರಕ್ಕೆ ತಂದು ತೂಗಿಸಿದವನಿಗೆ ಆ ತಿಂಗಳ ಕಿಲೋ ಲೆಕ್ಕದ ಹಣ ಒಂದು ಸಲ, ಚಹಾ ಹರಾಜಾಗಿ ಲಾಭ ಲೆಕ್ಕಹಾಕಿದ ಮೇಲೆ ವರ್ಷಾಂತ್ಯದ ಪಾಲು ಇನ್ನೊಂದು ಸಲ ಸಿಗುತ್ತದೆ. ಅಲ್ಲಿ ಜಗಳವಿಲ್ಲವೆಂದಲ್ಲ, ವೆಚ್ಚದ ಬಗ್ಗೆ, ನಿರ್ದೇಶಕರ ಆಯ್ಕೆಯ ಬಗ್ಗೆ ದೊಡ್ಡ ಗಲಾಟೆಗಳಾಗಿ 2021ರಲ್ಲಿ ಆಡಳಿತವೇ ಬದಲಾಯಿತು. ಆದರೆ ನಿರ್ದೇಶಕರನ್ನು ಇಳಿಸಿ ಎಂದು ಬೆಳೆಗಾರ ಗಟ್ಟಿಯಾಗಿ ಕೇಳಬಲ್ಲನೆಂದರೆ ಅದಕ್ಕೆ ಅವನ ಹೆಸರಿನಲ್ಲಿರುವ ಷೇರು ಕಾರಣ. ಕೋಕೊ ಬೆಳೆಗಾರನಿಗೆ ಇಳಿಸಿ ಎಂದು ಹೇಳಲು ಯಾರಿದ್ದಾರೆ?

ರುವಾಂಡಾದ ಕಾಫಿಯೂ ಗಮನಿಸತಕ್ಕದ್ದು. 1994ರ ನರಮೇಧದ ನಂತರ ಅಲ್ಲಿನ ಕಾಫಿ ಸಾಧಾರಣ ದರ್ಜೆಯ ಸರಕಾಗಿ ಹೋಗುತ್ತಿತ್ತು. 2000ದ ದಶಕದ ಆರಂಭದಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿ ಹಣದಿಂದ ವಿಶ್ವವಿದ್ಯಾಲಯಗಳು, ಸಹಕಾರ ಸಂಘಗಳು ಮತ್ತು ಕಾಫಿ ಹುರಿಯುವ ವಿದೇಶಿ ಕಂಪನಿಗಳನ್ನು ಜೋಡಿಸಿದ ಯೋಜನೆ ಆರಂಭವಾಯಿತು. ಹಣ್ಣನ್ನು ತೊಳೆದು ಸಂಸ್ಕರಿಸುವ ಘಟಕಗಳು ಬೆರಳೆಣಿಕೆಯಷ್ಟಿದ್ದುದು ಒಂದು ದಶಕದಲ್ಲಿ ನೂರನ್ನು ದಾಟಿತು. ಅಲ್ಲಿನ ಕಾಫಿಗೆ ವಿಶೇಷ ದರ್ಜೆಯ ಹೆಸರು ಬಂತು. ಇದು ಫಲಿಸಿದ್ದು ತರಬೇತಿಯಿಂದಷ್ಟೇ ಅಲ್ಲ. ಸಂಸ್ಕರಿಸಿದ ಕಾಫಿಯನ್ನು ಹೆಚ್ಚಿನ ದರಕ್ಕೆ ಕೊಳ್ಳುವವರನ್ನು ಯೋಜನೆಯೇ ಕರೆತಂದಿತ್ತು. ಆದರೆ 2016ರಲ್ಲಿ ಸರ್ಕಾರ ವಲಯ ಪದ್ಧತಿ ತಂದು, ರೈತ ತನ್ನ ವಲಯದ ಘಟಕಕ್ಕೇ ಹಣ್ಣು ಮಾರಬೇಕೆಂದು ಕಟ್ಟಿಹಾಕಿತು. ಪೈಪೋಟಿ ಹೋದಲ್ಲಿ ರೈತನ ಚೌಕಾಸಿಯ ಬಲವೂ ಹೋಗುತ್ತದೆ. ಆ ಪದ್ಧತಿಯನ್ನು ಕೆಲವು ವರ್ಷಗಳ ನಂತರ ಹಿಂತೆಗೆದುಕೊಳ್ಳಬೇಕಾಯಿತು.

2025ರಲ್ಲಿ ಯುಎಸ್‌ಎಐಡಿ ಸಂಸ್ಥೆಯನ್ನೇ ಮುಚ್ಚಲಾಯಿತು. ಅದನ್ನು ನಂಬಿದ್ದ ಕೃಷಿ ಯೋಜನೆಗಳು ಹಂಗಾಮಿನ ನಡುವೆಯೇ ನಿಂತವು. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ. ಸಾರ್ವಜನಿಕ ಹಣ ಒಂದು ದಿನ ನಿಂತೇ ನಿಲ್ಲುತ್ತದೆ ಎಂಬುದನ್ನು ಮೊದಲೇ ಗಣನೆಗೆ ತೆಗೆದುಕೊಂಡು, ಅದು ನಿಂತ ಮೇಲೂ ಕೊಳ್ಳುವವನು ಉಳಿಯುತ್ತಾನೆಯೇ ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆಸಿಕೊಳ್ಳಬೇಕು.

ಹೀಗಾಗಿ ನಾನು ಒತ್ತಾಯಿಸುವುದು ಇಷ್ಟು. ಸರ್ಕಾರದ ಅಥವಾ ದಾನಿ ದೇಶದ ತೆರಿಗೆ ಹಣ ಸೇರುವ ಯಾವುದೇ ಸಹಭಾಗಿತ್ವದಲ್ಲಿ ಕಂಪನಿ ಕನಿಷ್ಠ ದರವನ್ನು, ಖರೀದಿಯ ಪ್ರಮಾಣವನ್ನು ಮತ್ತು ಅವಧಿಯನ್ನು ಬರೆದುಕೊಡಬೇಕು. ಮರಗಳನ್ನು ಬದಲಿಸಬೇಕಾದ ಬೆಳೆಗಳಲ್ಲಿ ಆ ಅವಧಿ ಹೊಸ ಗಿಡ ಫಸಲು ಕೊಡುವ ಕಾಲಕ್ಕಿಂತ ಕಡಿಮೆ ಇರಬಾರದು. ಒಪ್ಪಂದದ ಪೂರ್ಣ ಪಠ್ಯ ರೈತರ ಭಾಷೆಯಲ್ಲಿ ಪ್ರಕಟವಾಗಬೇಕು, ರೈತ ಸಂಘ ಅಥವಾ ಸಹಕಾರ ಸಂಘ ಅದಕ್ಕೆ ಸಹಿ ಹಾಕುವ ಪಕ್ಷವಾಗಿರಬೇಕು. ಇಷ್ಟು ಕಟ್ಟುನಿಟ್ಟು ಮಾಡಿದರೆ ಕಂಪನಿಗಳು ಬರುವುದೇ ಇಲ್ಲ ಎಂಬ ವಾದವನ್ನು ಕೇಳಿದ್ದೇನೆ. ಕೆಲವು ಬರದೇ ಇರಬಹುದು. ಕೊಳ್ಳುವ ಮಾತು ಕೊಡಲಾರದ ಕಂಪನಿಗೆ ಸಾರ್ವಜನಿಕ ಹಣವನ್ನು ಯಾಕೆ ಕೊಡಬೇಕು ಎಂಬ ಪ್ರಶ್ನೆಗೆ ಆ ವಾದ ಮಾಡುವವರಿಂದ ನನಗೆ ಈವರೆಗೆ ಉತ್ತರ ಸಿಕ್ಕಿಲ್ಲ.

ತಮ್ಮಲ್ಲಿಯೂ ಒಂದು ವಿನಂತಿ. ಮುಂದಿನ ಬಾರಿ ಇಂಥ ಒಪ್ಪಂದದ ಸುದ್ದಿ ಕಚೇರಿಗೆ ಬಂದಾಗ, ತರಬೇತಿ ಪಡೆಯುವವರ ಸಂಖ್ಯೆಯ ಜೊತೆಗೆ, ಕೊಳ್ಳುವುದು ಎಷ್ಟು, ಯಾವ ದರಕ್ಕೆ, ಎಲ್ಲಿಯವರೆಗೆ ಎಂದು ಸಹಿ ಹಾಕಿದವರನ್ನು ಕೇಳುವಂತೆ ತಮ್ಮ ವರದಿಗಾರರಿಗೆ ಸೂಚಿಸಬೇಕು. ಉತ್ತರ ಬಾರದಿದ್ದರೆ, ಬರಲಿಲ್ಲ ಎಂಬುದನ್ನೂ ವರದಿಯಲ್ಲಿ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ